ಶರಾವತಿಯ ವಿದ್ಯುಚ್ಛಕ್ತಿಯೂ ಹಿರೇಭಾಸ್ಕರದ ಕಟ್ಟೆಯೂ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗದ ಬಂಡೆಯಿಂದ ಸುಮಾರು 830 ಅಡಿ ಕೆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುವುದು. ಸೀತೆಯ ಬಾಯಾರಿಕೆಯನ್ನು ನೀಗಲು ಶ್ರೀರಾಮನು ಶರಪ್ರಯೋಗ ಮಾಡಿದಲ್ಲಿ ಈ ನದಿಯು ಉದ್ಭವಿಸಿತೆಂದು ಐತಿಹ್ಯವುಂಟು. ವಿದ್ಯುಚ್ಛಕ್ತಿಯ ಮಾತು ಬಂದಾಗ ಎಲ್ಲರ ದೃಷ್ಟಿಯೂ ಜೋಗದ ಕಡೆಗೆ ತಿರುಗುವುದು ಸಹಜವೇ. ಆದರೆ ಆ ಶಕ್ತಿಯ ಚರಿತ್ರೆಯ ಬಹುಭಾಗವು ಜಲಪಾತದ ಮೇಲಣ ಕಣಿವೆಯಲ್ಲಿ ಅಡಗಿದೆ.

ಜಲದಿಂದ ದೊರೆಯುವ ಶಕ್ತಿಗೆ ಎರಡು ಆಧಾರಗಳು: ನೀರು ಬೀಳುವ ಎತ್ತರ ಒಂದು, ಹರಿದುಬರುವ ನೀರಿನ ಪ್ರಮಾಣ ಇನ್ನೊಂದು. ಎತ್ತರವನ್ನು ಪ್ರಕೃತಿಯೇ ಜೋಗದಲ್ಲಿ ಒದಗಿಸಿದೆ. ಪ್ರಮಾಣವಾದರೋ ಋತುವಿಗೆ ಅಧೀನವಾದುದು. ಮಳೆಗಾಲದಲ್ಲಿ ಭೋರ್ಗರೆಯುವ ಹೊಳೆ ಬೇಸಗೆಯಲ್ಲಿ ಸಣ್ಣ ಧಾರೆಯಾಗುವುದು. ಯಂತ್ರಗಳಿಗೆ ವರ್ಷವಿಡೀ ಸಮವಾಗಿ ನೀರು ಬೇಕಾದುದರಿಂದ, ಮಳೆಯ ನೀರನ್ನು ಮೇಲುಗಡೆಯಲ್ಲಿ ತಡೆದಿಡುವುದು ಅನಿವಾರ್ಯವಾಯಿತು.

ಮೈಸೂರು ಸಂಸ್ಥಾನವು 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿತ್ತು. ಬೇಡಿಕೆ ಬೆಳೆದಂತೆ ಜೋಗದ ಯೋಜನೆ ಕೈಗೊಳ್ಳಲ್ಪಟ್ಟು, ಸಾಗರ ತಾಲ್ಲೂಕಿನ ಮಡೇನೂರಿನ ಬಳಿ ಹಿರೇಭಾಸ್ಕರದ ಕಟ್ಟೆ ಎದ್ದಿತು. ಇದರ ವಿಶೇಷವು ಇಂಜಿನಿಯರ್ ಗಣೇಶ ಅಯ್ಯರವರು ಕಲ್ಪಿಸಿದ ಸೈಫನ್‌ಗಳು. ಜಲಾಶಯವು ಮಿತಿಮೀರಿ ತುಂಬಿದಾಗ, ಸುರುಳಿಯಾಗಿ ಇಳಿಯುವ ನೀರೇ ಕೊಳವೆಯೊಳಗಿನ ಗಾಳಿಯನ್ನು ಸೆಳೆದುಕೊಂಡು ಹೋಗುವುದು. ಆಗ ಬಾಗಿಲನ್ನು ಎತ್ತುವ ಆಳುಗಳಿಲ್ಲದೆಯೇ ಹೆಚ್ಚಿನ ನೀರು ತಾನಾಗಿ ಹೊರಬೀಳುವುದು.

ವಿದ್ಯುದಾಗಾರವು 1948ರಲ್ಲಿ ಪ್ರಾರಂಭವಾಯಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಅದಕ್ಕೆ ಮರುವರ್ಷ ಮಹಾತ್ಮಾ ಗಾಂಧಿಯವರ ಹೆಸರನ್ನಿಡಲಾಯಿತು. ದಪ್ಪ ಉಕ್ಕಿನ ಕೊಳವೆಗಳಲ್ಲಿ ಇಳಿದ ನೀರು ಕಿರಿದಾದ ಮೂತಿಯಿಂದ ಚಿಮ್ಮಿ, ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಅಪ್ಪಳಿಸುವುದು. ಚಕ್ರದೊಡನೆ ಅಯಸ್ಕಾಂತವು ತಿರುಗಿದಾಗ ಸುತ್ತಲಿನ ತಂತಿಗಳಲ್ಲಿ ವಿದ್ಯುತ್ತು ಹುಟ್ಟುವುದು. ಎಂಟು ಯಂತ್ರಗಳ ಮೂಲ ಸಾಮರ್ಥ್ಯವು ಒಟ್ಟು 1,20,000 ಕಿಲೋವಾಟ್.

ಈ ಕಟ್ಟೆಯ ಆಯುಷ್ಯ ದೀರ್ಘವಾಗಲಿಲ್ಲ. ನದಿಯ ಕೆಳಭಾಗದಲ್ಲಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಮಹಾಜಲಾಶಯವು ಅದನ್ನೂ, ಸಾಗರ ಹೊಸನಗರಗಳ ಅನೇಕ ಗ್ರಾಮಗಳ ಗದ್ದೆ, ಅಡಿಕೆತೋಟ, ದೇವಾಲಯಗಳನ್ನೂ ಮುಳುಗಿಸಿತು. ತಲಾ 1,03,500 ಕಿಲೋವಾಟಿನ ಹತ್ತು ಯಂತ್ರಗಳುಳ್ಳ ಶರಾವತಿ ವಿದ್ಯುದಾಗಾರಕ್ಕೆ ನೀರು ದೊರೆಯಿತು. ನೆಲವನ್ನು ಬಿಟ್ಟು ಕಾಡುಗಳಲ್ಲಿ ನೆಲೆನಿಂತವರಿಗೆ ಭೂಮಿಯ ಹಕ್ಕು ದಶಕಗಳಾದರೂ ಪೂರ್ತಿಯಾಗಿ ದೊರೆಯಲಿಲ್ಲ. ಹಿನ್ನೀರಿನಿಂದ ಬೇರ್ಪಟ್ಟ ತುಮರಿಯ ಸೀಮೆಯವರು 2025ರಲ್ಲಿ ಸೇತುವೆಯಾಗುವವರೆಗೂ ಲಾಂಚನ್ನೇ ನಂಬಿದ್ದರು.

ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಹಿರೇಭಾಸ್ಕರದ ಕಟ್ಟೆಯು ಸೈಫನ್‌ಗಳ ಸಮೇತ ಮತ್ತೆ ಕಾಣಿಸಿಕೊಳ್ಳುವುದು. ನಾಡಿನ ದೀಪಗಳಿಗೆ ತೆತ್ತ ಬೆಲೆಯ ಲೆಕ್ಕದಲ್ಲಿ ಆ ಕಟ್ಟೆಯೂ, ಅದರ ಸುತ್ತ ಮುಳುಗಿದ ಊರುಗಳೂ ಸೇರಬೇಕಾದುವು.