ಕಾಡತೂಸಿನ ತಳದ ಬರಹ

ನಮ್ಮ ಮಿತ್ರರೊಬ್ಬರು ತಮ್ಮ ತಾತನವರ ತಗಡಿನ ಪೆಟ್ಟಿಗೆಯನ್ನು ಶೋಧಿಸುತ್ತಿದ್ದಾಗ, ಉಣ್ಣೆಯ ಕಾಲುಚೀಲವೊಂದರಲ್ಲಿ ಗಂಟುಕಟ್ಟಿಟ್ಟಿದ್ದ ಐದು ಕಾಡತೂಸುಗಳು ದೊರೆತುವು. ಆ ಹಿರಿಯರು 1944ರಲ್ಲಿ ಇಂಫಾಲದ ಕಡೆ ಸೈನ್ಯದ ಸರಬರಾಜು ಇಲಾಖೆಯಲ್ಲಿ ಇದ್ದವರು. ಪೆಟ್ಟಿಗೆಯ ವಿಷಯವನ್ನು ಮನೆಯವರಿಗೆ ಹೇಳದೆಯೇ ತೀರಿಕೊಂಡರು. ಮಿತ್ರರು ಗಂಟನ್ನು ಹಾಗೆಯೇ ನಮ್ಮ ಮನೆಗೆ ತಂದು ಮೇಜಿನ ಮೇಲಿಟ್ಟು, "ನೀವು ಚರಿತ್ರೆಯ ಮೇಷ್ಟರು; ಇವು ಯಾರವು, ಯಾವಾಗಿನವು, ಹೇಳಿ ನೋಡೋಣ" ಎಂದರು. ಜೀವಂತ ಮದ್ದನ್ನು ಕಾಲುಚೀಲದಲ್ಲಿ ಹಾಕಿಕೊಂಡು ಪೇಟೆಯ ನಡುವೆ ಬಂದುದಕ್ಕಾಗಿ ಅವರನ್ನು ಮೊದಲು ಗದರಿಸಬೇಕಾಯಿತು. ಇಂತಹ ವಸ್ತು ದೊರೆತರೆ ಅದನ್ನು ಇದ್ದಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸತಕ್ಕದ್ದು. ಕುಟ್ಟುವುದು, ಉಜ್ಜುವುದು, ಬಿಚ್ಚಿ ನೋಡುವುದು, ಇವೊಂದೂ ಕೂಡದು. ಆದರೆ ಬಂದುದು ಬಂದಾಯಿತು. ಠಾಣೆಯವರು ಬರುವ ತನಕ ಕಣ್ಣಿನಿಂದ ನೋಡುವುದಕ್ಕೇನೂ ಅಡ್ಡಿಯಿರಲಿಲ್ಲ.

ನಾವು ಕೋವಿ ಹಿಡಿದವರಲ್ಲ. ಆದರೆ ಕಲ್ಲಿನ ಮೇಲಿನ ಅಕ್ಷರವನ್ನು ಭೂತಗನ್ನಡಿಯಿಂದ ನೋಡಿ ಅಷ್ಟಿಷ್ಟು ಅಭ್ಯಾಸವುಂಟು. ಕಾಡತೂಸಿನ ಹಿತ್ತಾಳೆಯ ತಳವು ಕಾಲಾಣೆಯ ನಾಣ್ಯದಷ್ಟೂ ಅಗಲವಿಲ್ಲ. ಆದರೂ ಅದೊಂದು ಶಾಸನವೇ. ಶಾಸನದಲ್ಲಿ ನಾವು ಹುಡುಕುವುದೇನು? ಬರೆಯಿಸಿದವನಾರು, ಕಾಲವಾವುದು, ಕೊಟ್ಟದ್ದೇನು. ಕಾಡತೂಸಿನ ತಳದಲ್ಲಿಯೂ ಇವೇ ಮೂರು ಅಡಕವಾಗಿರುತ್ತವೆ: ಕಾರ್ಖಾನೆಯ ಗುರುತು, ತಯಾರಾದ ಇಸವಿ, ಒಳಗಿನ ಸರಕಿನ ಜಾತಿ.

ಮೊದಲನೆಯದರ ಮೇಲೆ "ಕೆ", "ಎಫ್" ಎಂಬ ಇಂಗ್ಲಿಷ್ ಅಕ್ಷರಗಳೂ, ಅವುಗಳ ನಡುವೆ ಬ್ರಿಟಿಷ್ ಸರಕಾರದ ಆಸ್ತಿಯನ್ನು ಸೂಚಿಸುವ ಬಾಣದ ಗುರುತೂ, ರೋಮನ್ ಲಿಪಿಯ ಏಳೂ ಇದ್ದುವು. ಇದು ಪುಣೆಯ ಬಳಿಯ ಕಿರ್ಕೀ ಕಾರ್ಖಾನೆಯ ಮಾಲು. ಏಳು ಎಂಬುದು ಮಾದರಿಯ ಸಂಖ್ಯೆ. ಬ್ರಿಟಿಷ್ ಸೈನ್ಯದ .303 ಅಂಗುಲದ ಕಾಡತೂಸು 1888ರಲ್ಲಿ ಕಪ್ಪುಮದ್ದಿನೊಡನೆ ಹುಟ್ಟಿ, ಕೆಲವು ವರ್ಷಗಳಲ್ಲಿಯೇ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದಿಗೆ ತಿರುಗಿತು. ಗುಂಡಿನ ರೂಪ ಬದಲಾದಂತೆಲ್ಲ ಸಂಖ್ಯೆಯೂ ಏರುತ್ತ ಬಂದು, 1910ರಲ್ಲಿ ಏಳನೆಯ ಮಾದರಿಗೆ ನಿಂತಿತು. ಎರಡು ಮಹಾಯುದ್ಧಗಳಲ್ಲಿಯೂ ನಮ್ಮ ನಾಡಿನ ಸಿಪಾಯಿಗಳು ಹೆಚ್ಚಾಗಿ ಉಪಯೋಗಿಸಿದುದು ಈ ಏಳನೆಯದನ್ನೇ: 174 ಗ್ರೇನ್ ತೂಕದ ಚೂಪು ಮೂತಿಯ ಗುಂಡು, ಸೆಕೆಂಡಿಗೆ 2440 ಅಡಿಯ ವೇಗ. ಒಳಗಿನ ಕಾರ್ಡೈಟು ಪುಡಿಯಲ್ಲ. ಶಾವಿಗೆಯ ಎಳೆಗಳನ್ನು ಕಂತೆಕಟ್ಟಿ ನಿಲ್ಲಿಸಿದ ಹಾಗಿರುತ್ತದೆ. ಆ ಕಂತೆಯನ್ನು ಒಳಗಿಟ್ಟ ಮೇಲೆಯೇ ಕಾಡತೂಸಿನ ಕೊರಳನ್ನು ಒತ್ತಿ ಕಿರಿದುಮಾಡುತ್ತಿದ್ದರು.

ಎರಡನೆಯದರ ಮೇಲೆ "ಡಿ ಐ" ಎಂದೂ, 1943 ಎಂದೂ, "ಝೆಡ್" ಎಂದೂ ಇದ್ದಿತು. ಆಕಾರದಲ್ಲಿ ಅಣ್ಣತಮ್ಮಂದಿರೇ, ಆದರೆ ಇದು ಕೆನಡಾ ದೇಶದಿಂದ ಕಡಲು ದಾಟಿ ಬಂದುದು. ಝೆಡ್ ಎಂದರೆ ಒಳಗೆ ಶಾವಿಗೆಯಿಲ್ಲ, ನೈಟ್ರೋಸೆಲ್ಯುಲೋಸ್ ಮದ್ದಿದೆ ಎಂದರ್ಥ. ಮೂರನೆಯದರಲ್ಲಿ "ಡಬ್ಲ್ಯು" ಎಂಬ ಅಕ್ಷರವೂ, ನಡುವಣ ಕೇಪಿನ ಸುತ್ತ ಹಸುರು ಬಣ್ಣದ ಉಂಗುರವೂ ಕಂಡುವು: ಉಕ್ಕಿನ ತಗಡನ್ನು ಭೇದಿಸತಕ್ಕ ಗುಂಡು. ಈ .303ರ ವಂಶದಲ್ಲಿ ನೇರಳೆಯ ಉಂಗುರ ಸಾಧಾರಣ ಗುಂಡಿಗೆ, ಕೆಂಪು ಬೆಳಕಿನ ಗೆರೆಯೆಳೆಯುತ್ತ ಹೋಗುವ ಗುಂಡಿಗೆ, ನೀಲಿ ಬೆಂಕಿ ಹಚ್ಚುವ ಗುಂಡಿಗೆ. ಕತ್ತಲೆಯ ಕಂದಕದಲ್ಲಿ ಕೂತ ಸಿಪಾಯಿಗೆ ಈ ಬಣ್ಣ ಕಾಣುತ್ತಿತ್ತೆ ಎಂದು ಮಿತ್ರರು ಕೇಳಿದರು. ಪೆಟ್ಟಿಗೆ ತುಂಬುವವನಿಗೆ ಕಂಡರೆ ಸಾಕು ಎಂದೆವು.

ನಾಲ್ಕನೆಯ ಮತ್ತು ಐದನೆಯ ಕಾಡತೂಸುಗಳು ನಮ್ಮ ವಿದ್ಯೆಯನ್ನೆಲ್ಲ ಪರೀಕ್ಷೆಗೆ ಹಚ್ಚಿದುವು. ತಳದಲ್ಲಿ ಒಂದಕ್ಷರವೂ ಇಲ್ಲ, ಬೋಳು ಹಿತ್ತಾಳೆ. ಅಕ್ಷರವಿಲ್ಲದ ವೀರಗಲ್ಲನ್ನು ಕಂಡಾಗ ವಿದ್ವಾಂಸರು ಏನು ಮಾಡುತ್ತಾರೆ? ಶಿಲ್ಪದ ರೀತಿಯಿಂದ ಕಾಲವನ್ನು ಊಹಿಸುತ್ತಾರೆ. ಇಲ್ಲಿಯೂ ದಾರಿ ಅದೇ. ಮೊದಲು ತಳದ ಅಂಚನ್ನು ನೋಡಬೇಕು. .303ರ ತಳದಂಚು ತಟ್ಟೆಯ ಅಂಚಿನಂತೆ ಹೊರಕ್ಕೆ ಚಾಚಿರುತ್ತದೆ. ನಾಲ್ಕನೆಯದರಲ್ಲಿ ಆ ಚಾಚು ಇಲ್ಲ. ಒಂದು ಗಾಡಿ ಮಾತ್ರ ಕೊರೆದಿದೆ. ಐದನೆಯದರಲ್ಲಿ ಚಾಚು ಇದೆಯೋ ಇಲ್ಲವೋ ಎಂಬಷ್ಟು ಅಲ್ಪವಾಗಿದೆ. ಹಿತ್ತಾಳೆಯ ಕೋಶದ ಉದ್ದವನ್ನು ಅಳೆದರೆ ಎರಡೂ ಸುಮಾರು 58 ಮಿಲಿಮೀಟರು; .303ರದು 56. ಗುಂಡು ಕೋಶವನ್ನು ಸೇರುವ ಸಂದಿಯಲ್ಲಿ ನಾಲ್ಕನೆಯದಕ್ಕೆ ಮಾಸಿದ ಗುಲಾಬಿ ಬಣ್ಣದ ಪಟ್ಟಿ, ಐದನೆಯದಕ್ಕೆ ಕಪ್ಪು ಪಟ್ಟಿ. ಇಷ್ಟಾದ ಮೇಲೆ ಸಂದೇಹವುಳಿಯಲಿಲ್ಲ. ಇವೆರಡೂ ಜಪಾನಿನ ಭೂಸೈನ್ಯದವು. ಗುಲಾಬಿ ಸಾಧಾರಣ ಗುಂಡು, ಕಪ್ಪು ಉಕ್ಕನ್ನು ಭೇದಿಸುವ ಗುಂಡು. ಜಪಾನೀಯರಲ್ಲಿ ಹಸುರು ಪಟ್ಟಿ ಬೆಳಕಿನ ಗೆರೆಯೆಳೆಯುವ ಗುಂಡಿಗೆ ಸಲ್ಲುತ್ತದೆ. ಬ್ರಿಟಿಷರ ಹಸುರನ್ನು ಅರಿತವನು ಆ ಅರಿವಿನಿಂದಲೇ ಇಲ್ಲಿ ಮೋಸಹೋದಾನು.

ಅಂಕಿಯನ್ನು ನಂಬಿದವನಿಗೂ ಇದೇ ಗತಿ. .303 ಅಂಗುಲವೆಂದರೆ 7.7 ಮಿಲಿಮೀಟರು. ಜಪಾನಿನಲ್ಲಿ 7.7 ಎಂಬ ಒಂದೇ ಹೆಸರಿಗೆ ಮೂರು ಬೇರೆ ಬೇರೆ ಕಾಡತೂಸುಗಳಿದ್ದುವು. ಭೂಸೈನ್ಯದ ಮೆಷೀನ್ ಗನ್ನಿಗೆ ಅಲ್ಪ ಅಂಚಿನದೊಂದು, ರೈಫಲಿಗೆ ಅಂಚಿಲ್ಲದ್ದೊಂದು. ಮೂರನೆಯದು ನೌಕಾಸೈನ್ಯದ್ದು. ಅವರು ಬ್ರಿಟಿಷರ ಲೂಯಿಸ್ ಮತ್ತು ವಿಕರ್ಸ್ ಗನ್ನುಗಳ ಮಾದರಿಯನ್ನು ಕೈಗೊಂಡಿದ್ದುದರಿಂದ, ಅವರದು ನಮ್ಮ ಸಿಪಾಯಿಗಳ .303ರ ತದ್ರೂಪವೇ ಆಗಿತ್ತು. ಹೀಗೆ ಶತ್ರುವಿನ ನೌಕೆಯ ಕಾಡತೂಸು ನಮ್ಮವನ ಕೋವಿಯೊಳಗೆ ಹೋದೀತು. ಶತ್ರುವಿನ ಸ್ವಂತ ಭೂಸೈನ್ಯದವನ ರೈಫಲಿಗೆ ಹೋಗದು! ಹೆಸರುಗಳ ವಿಷಯವೂ ರಮ್ಯವಾಗಿದೆ. ಆ ರೈಫಲನ್ನು ತೊಂಬತ್ತೊಂಬತ್ತನೆಯ ಮಾದರಿ ಎನ್ನುತ್ತಾರೆ. ಅದಕ್ಕೆ ಹಿಂದೆ ತೊಂಬತ್ತೆಂಟು ಮಾದರಿಗಳಾಗಿದ್ದುವೆಂದಲ್ಲ. ಜಪಾನಿನ ರಾಜಶಕೆ 2599ರಲ್ಲಿ ಅದು ಬಂದಿತೆಂದು. ಶಾಲಿವಾಹನ ಶಕವರ್ಷಕ್ಕೆ 78 ಕೂಡಿಸಿ ಇಸವಿಯನ್ನು ಪಡೆಯುವ ನಾವು, ಇಲ್ಲಿ 660 ಕಳೆದರೆ 1939 ದೊರೆಯುತ್ತದೆ.

ಕೂಟಶಾಸನಗಳ ವಿಷಯವನ್ನೂ ಮರೆಯುವಂತಿಲ್ಲ. ಗಂಗರ ತಾಮ್ರಪಟಗಳು ನಿಜವೋ ಕೃತಕವೋ ಎಂದು ಫ್ಲೀಟರಿಗೂ ರೈಸರಿಗೂ ನಡೆದ ವಾದವು ಪ್ರಸಿದ್ಧವಷ್ಟೆ. ಪೇಷಾವರಕ್ಕೂ ಕೋಹಾಟಿಗೂ ನಡುವಣ ದರ್ರಾ ಎಂಬ ಊರಿನ ಕಮ್ಮಾರರು ಬ್ರಿಟಿಷ್ ರೈಫಲನ್ನು ಕಿರೀಟದ ಮುದ್ರೆಯೊಡನೆ ನಕಲು ಮಾಡುವುದರಲ್ಲಿ ನಿಸ್ಸೀಮರು. ಅಕ್ಷರ ಬಾರದವನು ಮುದ್ರೆ ಕೆತ್ತುವುದರಿಂದ ಎಷ್ಟೋ ವೇಳೆ ಅಕ್ಷರ ತಿರುವುಮುರುವಾಗಿ ಗುಟ್ಟು ಹೊರಬೀಳುತ್ತದೆ. ಸುಟ್ಟುಹೋದ ಕೋಶಗಳನ್ನು ಆಯ್ದು ಮತ್ತೆ ಮದ್ದು ತುಂಬುವುದೂ ಅಲ್ಲಿ ವಾಡಿಕೆ. ಅಂತಹದರ ತಳದ ಬರಹವು ಸತ್ಯವೇ. ಆದರೆ ಅದು ಹಿತ್ತಾಳೆಯ ಮಟ್ಟಿಗೆ ಮಾತ್ರ ಸತ್ಯ, ಒಳಗಿನ ಮದ್ದಿಗೆ ಅಲ್ಲ.

ಒಳಗಿರುವುದೇನು ಎಂಬ ಈ ಪ್ರಶ್ನೆಯೇ ನಮ್ಮ ದೇಶದ ಚರಿತ್ರೆಯನ್ನು ಒಮ್ಮೆ ಬುಡಮೇಲು ಮಾಡಿತು. ಅಪರಿಚಿತ ಕಾಡತೂಸನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರಲ್ಲಿ ನಾವು ಮೊದಲಿಗರಲ್ಲ. 1857ನೆಯ ಫೆಬ್ರುವರಿ 6ರಂದು ಕಲ್ಕತ್ತೆಯ ಬಳಿಯ ಬಾರಕ್‌ಪುರದಲ್ಲಿ ಒಂದು ವಿಚಾರಣಾ ಸಭೆ ಕೂಡಿತು. ಎನ್‌ಫೀಲ್ಡ್ ರೈಫಲು ಆಗತಾನೆ ಬಂದಿತ್ತು. ಅದರ ಕಾಡತೂಸಿಗೆ ಹಿತ್ತಾಳೆಯಿಲ್ಲ. ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿದ ಪೊಟ್ಟಣವಷ್ಟೆ. ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ಸುರಿದು, ಗುಂಡಿರುವ ತುದಿಯನ್ನು ನಳಿಗೆಯೊಳಕ್ಕೆ ದೂಡಬೇಕು. ಜಾರಲೆಂದು ಆ ತುದಿಗೆ ಜಿಡ್ಡು ಹಚ್ಚಿರಬೇಕು. ಆ ಜಿಡ್ಡು ಹಸುವಿನದು, ಹಂದಿಯದು ಎಂಬ ಸುದ್ದಿ ಜನವರಿಯಲ್ಲಿ ದಮ್‌ದಮ್ ಎಂಬ ದಂಡಿನ ಠಾಣೆಯಿಂದ ಹಬ್ಬಿತ್ತು. ಸಭೆಯ ಮುಂದೆ ಬಂದ ಸಿಪಾಯಿಗಳು ಏನು ಮಾಡಿದರೆಂಬುದನ್ನು ಗಮನಿಸಬೇಕು. ಹೊಸ ಕಾಗದವನ್ನು ಹಳೆಯದರೊಡನೆ ಹೋಲಿಸಿದರು. ಹರಿದು ನೋಡಿದರು; ಇದು ಹೆಚ್ಚು ಗಟ್ಟಿ ಎಂದರು. ಬೆಂಕಿಗೆ ಹಿಡಿದುದನ್ನು ಹೇಳಿ, ಸದ್ದು ವಾಸನೆಗಳಿಂದ ಜಿಡ್ಡಿನ ಸಂದೇಹವುಂಟಾಗುತ್ತದೆ ಎಂದರು. ಪರೀಕ್ಷೆಯ ಕ್ರಮದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾವು ನಮ್ಮ ಮೇಜಿನ ಬಳಿ ಮಾಡಲಿಲ್ಲ.

ಇವರನ್ನು ಮೂಢರೆಂದು ಬರೆದ ಚರಿತ್ರಕಾರರುಂಟು. ನಮಗೆ ಆ ಮಾತು ಒಪ್ಪಿಗೆಯಿಲ್ಲ. ಜಿಡ್ಡಿಗಾಗಿ ಕೊಬ್ಬು ತರಿಸಿದ ಅಧಿಕಾರಿಗಳು ಅದು ಯಾವ ಪ್ರಾಣಿಯ ಕೊಬ್ಬೆಂದು ಗುತ್ತಿಗೆದಾರನನ್ನು ಕೇಳಿಯೇ ಇರಲಿಲ್ಲವೆಂಬುದು ಆಮೇಲೆ ಸರಕಾರದ ಕಾಗದಪತ್ರಗಳಿಂದಲೇ ಹೊರಬಿದ್ದಿತು. ಸಿಪಾಯಿಗೆ ಉತ್ತರ ಕೊಡಬೇಕಾದವರ ಬಳಿ ಉತ್ತರವಿರಲಿಲ್ಲ. ಬೇಕಾದರೆ ನೀವೇ ತುಪ್ಪವನ್ನೂ ಮೇಣವನ್ನೂ ಹಚ್ಚಿಕೊಳ್ಳಿ ಎಂದರು. ಹಲ್ಲಿನಿಂದ ಬೇಡ, ಕೈಯಿಂದ ಹರಿಯಿರಿ ಎಂದರು. ಕಾಲ ಮೀರಿತ್ತು. ಸಂದೇಹವು ಜಿಡ್ಡನ್ನು ಬಿಟ್ಟು ಕಾಗದಕ್ಕೆ ಹತ್ತಿತ್ತು. ಫೆಬ್ರುವರಿ 26ರಂದು ಬೆಹರಾಂಪುರದಲ್ಲಿ 19ನೆಯ ಪದಾತಿ ದಳವು ನಿರಾಕರಿಸಿದ ಕಾಡತೂಸುಗಳು ಹಳೆಯವೇ. ಏಪ್ರಿಲ್ 24ರಂದು ಮೀರತ್ತಿನಲ್ಲಿ 3ನೆಯ ಅಶ್ವದಳದ 90 ಮಂದಿಯಲ್ಲಿ 85 ಮಂದಿ ಮುಟ್ಟಲೊಲ್ಲದವೂ ಹಳೆಯವೇ. ಅವರಿಗೆ ಮೇ 9ರಂದು ಇಡೀ ದಂಡಿನೆದುರು ಬೇಡಿ ತೊಡಿಸಿದರು. ಮರುದಿನ ಮೀರತ್ತು ಸಿಡಿದೆದ್ದಿತು. ಅವಧ ರಾಜ್ಯವನ್ನು ನುಂಗಿದ್ದು, ಭೂಮಿಯ ತಗಾದೆ, ಭತ್ಯದ ತಗಾದೆ, ಇವೆಲ್ಲ ಕಾರಣಗಳು ಇದ್ದೇ ಇದ್ದುವು. ಆದರೂ ಕೈಗೆ ಕೊಟ್ಟ ವಸ್ತುವಿನೊಳಗೆ ಏನಿದೆ ಎಂದು ಕೇಳಿದವನಿಗೆ ನಂಬತಕ್ಕ ಮಾತು ದೊರೆಯದೆ ಹೋದುದು ಸಣ್ಣ ಕಾರಣವಲ್ಲ.

ಕಾಗದದ ಪೊಟ್ಟಣಕ್ಕೆ ಗುರುತು ಒತ್ತಲು ತಳವೇ ಇರಲಿಲ್ಲ. 1866ರಲ್ಲಿ ಸ್ನೈಡರ್ ರೈಫಲಿಗಾಗಿ ಕರ್ನಲ್ ಬಾಕ್ಸರನ ಲೋಹದ ಕಾಡತೂಸು ಬಂದ ಮೇಲೆ ಅಂತಹ ತಳವುಂಟಾಯಿತು. ಮುದ್ರೆಯ ಪದ್ಧತಿ ಬೆಳೆದುದು ಆ ಬಳಿಕ.

ದಮ್‌ದಮ್ ಹೆಸರು ನಲವತ್ತು ವರ್ಷಗಳ ಮೇಲೆ ಮತ್ತೊಮ್ಮೆ ಲೋಕದ ಕಿವಿಗೆ ಬಿದ್ದಿತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ .303ರ ಗುಂಡು ತಾಗಿದರೂ ಎದುರಾಳಿ ನಿಲ್ಲದೆ ಮೈಮೇಲೆ ಬರುತ್ತಾನೆಂದು ಸೈನಿಕರು ದೂರಿದರು. ದಮ್‌ದಮ್ ಕಾರ್ಖಾನೆಯ ಮೇಲ್ವಿಚಾರಕ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬಾತನು ಗುಂಡಿನ ಮೂತಿಯ ಮೇಲಣ ಕವಚವನ್ನು ತೆರೆದು ಸೀಸವನ್ನು ಹೊರಗೆ ಬಿಟ್ಟನು. ಅದು ಮೈಯೊಳಗೆ ಹೂವಿನಂತೆ ಅರಳಿ ಘೋರವಾದ ಗಾಯ ಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಇದೇ ಉದ್ದೇಶದಿಂದ ಮೂತಿಯಲ್ಲಿ ಕುಳಿಯಿಟ್ಟು ಮಾಡಿದ ನಾಲ್ಕನೆಯ ಮಾದರಿಯನ್ನು 1898ರಲ್ಲಿ ಸುಡಾನಿನ ಓಮ್ಡುರ್ಮಾನ್ ಕಾಳಗದಲ್ಲಿ ಬಳಸಿದರು. 1899ರ ಹೇಗ್ ಸಮ್ಮೇಳನವು ಮೈಯೊಳಗೆ ಅರಳುವ ಗುಂಡುಗಳನ್ನು ನಿಷೇಧಿಸಿತು. ಆಗ ಒಪ್ಪದ ಬ್ರಿಟನ್ 1907ರಲ್ಲಿ ಒಪ್ಪಿತು.

ಅಲ್ಲಿಂದ ಮುಂದೆ ಕಾಡತೂಸಿನ ಪರೀಕ್ಷೆಯು ರಾಜ್ಯ ರಾಜ್ಯಗಳ ವ್ಯಾಜ್ಯಕ್ಕೆ ಸಾಕ್ಷ್ಯವಾಯಿತು. 1914ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕೈಸರನು, ಶತ್ರುಗಳು ದಮ್‌ದಮ್ ಗುಂಡು ಹಾರಿಸುತ್ತಿರುವರೆಂದು ಅಮೆರಿಕದ ಅಧ್ಯಕ್ಷ ವಿಲ್ಸನರಿಗೆ ತಂತಿ ಕೊಟ್ಟನು. ಎದುರು ಪಕ್ಷದವರೂ ಅದೇ ದೂರನ್ನು ಹಿಂದಕ್ಕೆ ಎಸೆದರು. ಏಳನೆಯ ಮಾದರಿಯ ಗುಂಡೇ ಇದಕ್ಕೆ ಎಡೆಗೊಡುವಂತಿತ್ತು. ಹೊರಗೆ ಅಖಂಡವಾದ ಕವಚ, ನಿಯಮಕ್ಕೆ ಭಂಗವಿಲ್ಲ. ಒಳಗೆ ಹಿಂಬದಿಯಲ್ಲಿ ಮಾತ್ರ ಸೀಸ. ಮೂತಿಯಲ್ಲಿ ಹಗುರವಾದ ಅಲ್ಯೂಮಿನಿಯಂ, ಅದು ದುರ್ಲಭವಾದಾಗ ಮರದ ಅಥವಾ ಕಾಗದದ ತಿರುಳು. ಭಾರವೆಲ್ಲ ಹಿಂದಕ್ಕೆ ಬಿದ್ದುದರಿಂದ, ಮೈಗೆ ತಾಗಿದೊಡನೆ ಗುಂಡು ಅರಳುವುದಿಲ್ಲ, ತಿರುಗಿ ಬೀಳುತ್ತದೆ. ಗಾಯಗೊಂಡವನಿಗೆ ಈ ಎರಡರ ಅಂತರವನ್ನು ಯಾರು ತಿಳಿಸಿಯಾರು? ಮಿತ್ರರು ಕಿರ್ಕೀಯ ಕಾಡತೂಸನ್ನು ಇನ್ನೊಮ್ಮೆ ನೋಡಿ, "ಇದರ ಮೂತಿಯಲ್ಲೇನಿದೆ?" ಎಂದರು. ತಳದಲ್ಲಿ ಅದನ್ನು ಬರೆದಿಲ್ಲವೆಂದೆವು.

ಸಂಜೆ ಠಾಣೆಯಿಂದ ಬಂದ ಸಬ್ ಇನ್‌ಸ್ಪೆಕ್ಟರು ವಿನಯವಂತರು. ಕೆನಡಾ, ಕಿರ್ಕೀ, ಜಪಾನುಗಳ ವೃತ್ತಾಂತವನ್ನೆಲ್ಲ ನಿಂತುಕೊಂಡೇ ಕೇಳಿದರು. ಆಮೇಲೆ ಐದನ್ನೂ ಮರಳು ತುಂಬಿದ ಡಬ್ಬದಲ್ಲಿರಿಸಿಕೊಂಡು, ಮಿತ್ರರ ಸಹಿಗಾಗಿ ಪಂಚನಾಮೆಯನ್ನು ಮುಂದಿಟ್ಟರು. ಅದರಲ್ಲಿ "ಹಳೆಯ ಕಾಡತೂಸು, ಐದು" ಎಂದು ಬರೆದಿತ್ತು.