ಬಜ್ಪೆಯ ಗುಡ್ಡ, ಕರಾವಳಿಯ ಮಳೆ ಮತ್ತು ಮೂರು ಸಲ ಕೇಳಿಸಿದ ಒಂದು ಮಾತು

ಜೂನ್ ಬಂತು ಅಂದ್ರೆ ಕರಾವಳಿಯವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸುದ್ದಿ ಗ್ಯಾರಂಟಿ. ಮಂಗಳೂರಿಗೆ ಬರಬೇಕಾದ ವಿಮಾನ ಮೇಲೆ ಸುತ್ತು ಹೊಡೆದು ಹೊಡೆದು, ಕೊನೆಗೆ ಬೆಂಗಳೂರಿಗೋ ಕೊಚ್ಚಿಗೋ ಹೋಯ್ತಂತೆ ಅನ್ನೋ ಸುದ್ದಿ. ಕೆಳಗೆ ನೂರು ಕಮೆಂಟು, ಅರ್ಧ ಬೈಗುಳ. ಇವತ್ತಿನ ಎಪಿಸೋಡು ಆ ಬೈಗುಳದ ಬಗ್ಗೆಯೇ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1951ರ ಡಿಸೆಂಬರ್ 25. ಬಜ್ಪೆಯ ನಿಲ್ದಾಣ ಶುರುವಾದ ದಿನ. ಪ್ರಧಾನಿ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಅಲ್ಲಿ ಬಂದಿಳಿದರು. ಜಾಗ ಮುರಕಲ್ಲಿನ ಗುಡ್ಡದ ನೆತ್ತಿ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರ. ರನ್‌ವೇ ಉದ್ದ 1,615 ಮೀಟರ್. ಅದು ಮುಗಿದಲ್ಲಿ ಗುಡ್ಡವೂ ಮುಗೀತು, ಆಚೆ ಕಣಿವೆ. ಇಂಥದ್ದಕ್ಕೆ ಟೇಬಲ್‌ಟಾಪ್ ರನ್‌ವೇ ಅಂತಾರೆ. ಮೇಜಿನ ಮೇಲೆ ಉರುಳುವ ಗೋಲಿ ಅಂಚಿಗೆ ಬಂದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹವಾಮಾನ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತೆ. ಪೈಲಟ್‌ಗೆ ಈ ಮಳೆ ಮೂರು ಥರ ಕಾಟ ಕೊಡುತ್ತೆ. ಒಂದು, ಮೋಡ ಗುಡ್ಡದ ತಲೆ ಮೇಲೇ ಕೂತುಬಿಡುತ್ತೆ. ಊರಿನಲ್ಲಿ ಬೆಳಕಿದ್ದರೂ ಮೇಲಿನ ರನ್‌ವೇ ಕಾಣಲ್ಲ. ಎರಡು, ರನ್‌ವೇ ಮೇಲೆ ನೀರು ನಿಂತರೆ ಟೈರು ನೆಲ ಮುಟ್ಟದೆ ನೀರಿನ ಪದರದ ಮೇಲೇ ಜಾರುತ್ತೆ, ಬ್ರೇಕ್ ಹಿಡಿಯಲ್ಲ. ಮೂರು, ಹಿಂದಿನಿಂದ ಗಾಳಿ ಬೀಸಿದರೆ ವಿಮಾನ ಜಾಸ್ತಿ ವೇಗದಲ್ಲಿ ಇಳಿಯುತ್ತೆ, ನಿಲ್ಲೋಕೆ ಜಾಸ್ತಿ ಉದ್ದ ಬೇಕು. ಇದರ ಜೊತೆಗೆ ಗುಡ್ಡದ ಮೇಲಿನ ರನ್‌ವೇ ಕಣ್ಣಿಗೆ ಮೋಸ ಮಾಡುತ್ತೆ. ಸುತ್ತ ತಗ್ಗು ಇರೋದ್ರಿಂದ ತಾನು ಎಷ್ಟು ಎತ್ತರದಲ್ಲಿದ್ದೀನಿ ಅನ್ನೋ ಅಂದಾಜು ತಪ್ಪಬಹುದು.

1981ರ ಆಗಸ್ಟ್ 19ರಂದು ಇದರ ರುಚಿ ಸಿಕ್ಕಿತು. ಮಳೆಯ ನಡುವೆ ಇಳಿದ ಇಂಡಿಯನ್ ಏರ್‌ಲೈನ್ಸಿನ ಎಚ್‌ಎಸ್-748 ವಿಮಾನ ರನ್‌ವೇ ದಾಟಿ, ಅಂಚಿನಿಂದ ಸ್ವಲ್ಪವೇ ಆಚೆ ನಿಂತಿತು. ವೀರಪ್ಪ ಮೊಯ್ಲಿಯವರೂ ಅದರಲ್ಲಿದ್ದರು. ವಿಮಾನ ಗುಜರಿಗೆ ಹೋಯಿತು, ಆದರೆ ಯಾರ ಜೀವವೂ ಹೋಗಲಿಲ್ಲ.

2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಉದ್ದವಾಯ್ತು, ಆದರೆ ಅದೂ ಟೇಬಲ್‌ಟಾಪೇ. 2010ರ ಮೇ 15ಕ್ಕೆ ಹೊಸ ಟರ್ಮಿನಲ್ ಉದ್ಘಾಟನೆ. ಸರಿಯಾಗಿ ಒಂದು ವಾರಕ್ಕೆ, ಮೇ 22ರ ಬೆಳಗ್ಗೆ ಆರು ಗಂಟೆ ಸುಮಾರಿಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಕಣಿವೆಗೆ ಬಿತ್ತು. ಇದ್ದವರು 166 ಜನ. ಬದುಕಿದವರು 8 ಜನ.

ಮಳೆ ಇತ್ತಾ? ಇರಲಿಲ್ಲ. ಇನ್ನೂ ಮುಂಗಾರು ಬಂದಿರಲಿಲ್ಲ. ಗಾಳಿ ಶಾಂತ, ರನ್‌ವೇ ಒಣ, 6 ಕಿಲೋಮೀಟರ್ ದೂರದವರೆಗೆ ಕಣ್ಣಿಗೆ ಕಾಣ್ತಿತ್ತು. ತನಿಖಾ ವರದಿ ಹೇಳೋದು ಬೇರೆಯೇ ಕತೆ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಬೇಡ, ಮೇಲಕ್ಕೆ ಹೋಗೋಣ, ಅಂದರೆ ‘ಗೋ ಅರೌಂಡ್’ ಅಂತ ಕೋ-ಪೈಲಟ್ ಹೇಳಿದ್ದು ಒಂದು ಸಲ ಅಲ್ಲ, ಮೂರು ಸಲ. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಆದರೂ ಇಳಿಸಿದರು. ಚಕ್ರ ನೆಲ ಮುಟ್ಟಿದ್ದು ಸುಮಾರು 1,600 ಮೀಟರ್ ದಾಟಿದ ಮೇಲೆ. ಈ ಸಂಖ್ಯೆಯನ್ನ ಇನ್ನೊಮ್ಮೆ ನೋಡಿ. 1951ರ ಇಡೀ ರನ್‌ವೇ ಉದ್ದ ಹೆಚ್ಚುಕಮ್ಮಿ ಇಷ್ಟೇ. ಹೊಸದಾಗಿ ಸಿಕ್ಕ ಉದ್ದವಷ್ಟೇ ಕೈಯಲ್ಲಿ ಉಳಿದಿತ್ತು.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7. ಪಕ್ಕದ ಕೋಯಿಕ್ಕೋಡ್, ಅದೂ ಟೇಬಲ್‌ಟಾಪ್. ಮತ್ತೆ ದುಬೈನ ವಿಮಾನ. ಈ ಸಲ ಜಡಿಮಳೆ ಇತ್ತು. ಮೊದಲ ಪ್ರಯತ್ನದಲ್ಲಿ ಇಳಿಯದೆ ಮೇಲೇರಿದರು. ಅಲ್ಲಿಯವರೆಗೆ ಎಲ್ಲ ಸರಿ. ಎರಡನೇ ಸಲ ಇನ್ನೊಂದು ತುದಿಯಿಂದ, ಹಿಂಗಾಳಿಯಲ್ಲಿ ಇಳಿದರು, ರನ್‌ವೇಯ ಅರ್ಧದ ಹತ್ತಿರ ಚಕ್ರ ತಾಗಿತು. 21 ಜನ ಹೋದರು. ಅಲ್ಲಿಯ ವರದಿಯಲ್ಲೂ ಅದೇ ಸಾಲು: ‘ಗೋ ಅರೌಂಡ್’ ಅಂತ ಪಕ್ಕದವರು ಹೇಳಿದ್ದರು, ಆದರೂ ಲ್ಯಾಂಡಿಂಗ್ ನಿಲ್ಲಲಿಲ್ಲ.

ಎರಡು ದುರಂತ. ಒಂದರಲ್ಲಿ ಶುಭ್ರ ಬೆಳಗು, ಇನ್ನೊಂದರಲ್ಲಿ ಮಳೆಯ ರಾತ್ರಿ. ಹವಾಮಾನ ಬೇರೆ ಬೇರೆ, ಆದರೆ ಎರಡರಲ್ಲೂ ಹೊತ್ತಿಗೆ ಸರಿಯಾಗಿ ಒಂದು ಮಾತು ಬಂದಿತ್ತು, ಆ ಮಾತಿನಂತೆ ನಡೆಯಲಿಲ್ಲ.

ಕಾಮರ್ಸ್ ಓದಿದವರಿಗೆ ‘ಸಂಕ್ ಕಾಸ್ಟ್’ ಗೊತ್ತು. ಆಗಲೇ ಸುರಿದ ದುಡ್ಡಿನ ಮುಖ ನೋಡಿ ಮುಂದಿನ ನಿರ್ಧಾರ ಮಾಡಬಾರದು ಅಂತ. ದುಬೈನಿಂದ ಇಷ್ಟು ದೂರ ಬಂದಾಯ್ತು, ರನ್‌ವೇ ಕಣ್ಣೆದುರೇ ಇದೆ, ಇನ್ನೇನು ಇಳಿದುಬಿಡೋಣ ಅನ್ನೋದು ಅದೇ ಲೆಕ್ಕ. ಸುತ್ತು ಹೊಡೆದರೆ ಹೋಗೋದು ಇಂಧನ ಮತ್ತು ಅರ್ಧ ಗಂಟೆ. ಇಳಿದು ತಪ್ಪಿದರೆ ಹೋಗೋದಕ್ಕೆ ಲೆಕ್ಕ ಬರೆಯೋಕೆ ಪುಸ್ತಕವೇ ಇಲ್ಲ. ಮಂಗಳೂರಿನ ಕೂಳೂರು–ತಣ್ಣೀರುಬಾವಿ ರಸ್ತೆಯಲ್ಲಿ, ಫಲ್ಗುಣಿ ನದಿ ದಡದಲ್ಲಿ 158 ಜನರ ನೆನಪಿಗೆ ಒಂದು ಪಾರ್ಕ್ ಇದೆ. ಆ ಕಡೆ ಹೋದಾಗ ಎರಡು ನಿಮಿಷ ನಿಂತು ಬನ್ನಿ.

ಆಮೇಲೆ, ಈ ಮಳೆಗಾಲದಲ್ಲಿ ನೀವು ಕೂತ ವಿಮಾನ ನೆಲ ಮುಟ್ಟೋ ಹೊತ್ತಿಗೆ ಗುಯ್ ಅಂತ ಮತ್ತೆ ಮೇಲೇರಿತು ಅಂದ್ಕೊಳ್ಳಿ. ಹೊಟ್ಟೆ ತೊಳಸುತ್ತೆ, ಪಕ್ಕದವರು ಗೊಣಗ್ತಾರೆ. ಕಾಕ್‌ಪಿಟ್‌ನಲ್ಲಿ ಒಬ್ಬರು ಹೇಳಿದ ಮಾತನ್ನ ಇನ್ನೊಬ್ಬರು ಕೇಳಿಸಿಕೊಂಡಿದ್ದಾರೆ ಅಂತ ಅರ್ಥ. ಮನೆಯವರಿಗೆ ‘ಲೇಟ್ ಆಗುತ್ತೆ, ಊಟ ಮಾಡಿ’ ಅಂತ ಆಮೇಲೆ ಒಂದು ಮೆಸೇಜ್ ಹಾಕಿದರೆ ಸಾಕು. ಮುಂದಿನ ವಾರ ಸಿಗೋಣ.