ಏನೂ ಬರೆಯದ ಚೀಟಿ

ಹೆರ್ನ್‌ಹುಟ್‌ನ ಹಿರಿಯರು ಚೀಟು ಎತ್ತಿ ದೇವರ ಚಿತ್ತ ಕೇಳುತ್ತಿದ್ದರು ಎಂದರೆ ಮಂಗಳೂರಿನ ನಮ್ಮ ಸಭೆಯ ಹುಡುಗರಿಗೆ ನಗು. ‘ಗುಡಿಯಲ್ಲಿ ಹೂಪ್ರಸಾದ ಕೇಳಿದ ಹಾಗಾಯ್ತಲ್ಲ ಮಾಸ್ಟ್ರೇ’ ಅನ್ನುತ್ತಾರೆ. ದುಬೈ ಕೆಲಸ ಒಪ್ಪಿಕೊಳ್ಳಲೋ ಬೇಡವೋ ಎಂದಾಗ ಕಣ್ಣುಮುಚ್ಚಿ ಬೈಬಲ್ ಬಿಡಿಸಿ ಬೆರಳಿಡುವವರೂ ಇವರೇ! ಹೆರ್ನ್‌ಹುಟ್‌ನವರು ಅಷ್ಟು ಅವಸರದವರಲ್ಲ.

1722ರಲ್ಲಿ ಮೊರಾವಿಯಾದಿಂದ ಓಡಿಬಂದ ವಿಶ್ವಾಸಿಗಳು ಜರ್ಮನಿಯ ಸ್ಯಾಕ್ಸನಿಯಲ್ಲಿ ಜಮೀನ್ದಾರ ಜಿಂಜೆಂಡಾರ್ಫ್‌ನ ಭೂಮಿಯಲ್ಲಿ ಕಟ್ಟಿಕೊಂಡ ಊರು ಅದು. ಯೂದನ ಜಾಗಕ್ಕೆ ಮತ್ತೀಯನನ್ನು ಅಪೊಸ್ತಲರು ಚೀಟು ಹಾಕಿಯೇ ಆರಿಸಿದರಲ್ಲ, ಆ ಆಧಾರ ಸಾಕಾಯಿತು. ಆದರೆ ಮೊದಲು ಹಿರಿಯರು ಕೂತು ಮಾತಾಡಬೇಕು, ಪ್ರಾರ್ಥಿಸಬೇಕು. ಬುದ್ಧಿಗೆ ಬಗೆಹರಿಯದಿದ್ದರೆ ಮಾತ್ರ ಚೀಟು. ಒಂದರಲ್ಲಿ ಹೌದು, ಇನ್ನೊಂದರಲ್ಲಿ ಅಲ್ಲ, ಮೂರನೆಯದು ಖಾಲಿ. ಖಾಲಿ ಬಂತೆಂದರೆ ಕಾಲ ಕೂಡಿಬಂದಿಲ್ಲ, ಇಲ್ಲವೇ ಪ್ರಶ್ನೆಯೇ ಸರಿಯಿಲ್ಲ. ಆ ಪದ್ಧತಿಯ ಜಾಣತನವೆಲ್ಲ ಈ ಮೂರನೆಯದರಲ್ಲಿದೆ ಎಂದು ನನ್ನ ಎಣಿಕೆ.

ಕುಂಬಾರ ಲಿಯೊನಾರ್ಡ್ ಡೋಬರ್ 1732ರಲ್ಲಿ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದ ಗುಲಾಮರ ನಡುವೆ ಸೇವೆಗೆ ಹೊರಟದ್ದೂ ಚೀಟು ಒಪ್ಪಿದ ಮೇಲೆಯೇ. ಇವರ ಸಹವಾಸದಲ್ಲಿದ್ದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿ 1737ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸೋಫಿಯಾ ಹಾಪ್ಕಿಯನ್ನು ಮದುವೆಯಾಗಲೋ ಎಂದು ಚೀಟು ಹಾಕಿಸಿದ. ಆ ಯೋಚನೆಯನ್ನೇ ಬಿಡು ಎಂದು ಬಂತು. ಬಿಟ್ಟನೇನೋ ಸರಿ, ಆದರೆ ಅವಳು ಬೇರೊಬ್ಬನ ಕೈಹಿಡಿದ ಮೇಲೆ ಅವಳಿಗೆ ಪ್ರಭುಭೋಜನ ನಿರಾಕರಿಸಿದ, ಕೋರ್ಟಿನವರೆಗೂ ಹೋಯಿತು, ಅದೇ ಡಿಸೆಂಬರಿನಲ್ಲಿ ಊರು ಬಿಟ್ಟ. ಚೀಟಿಗೆ ತಲೆಬಾಗಿದವನ ಮನಸ್ಸು ಬಾಗಿರಲಿಲ್ಲ.

ಹೆರ್ನ್‌ಹುಟ್‌ನವರಿಗೂ ತೊಡಕಾದದ್ದು ಮದುವೆಯೇ. ಚೀಟು ಹೌದೆಂದರೂ ಹುಡುಗಿ ಒಲ್ಲೆ ಅನ್ನಬಹುದಿತ್ತು. ಅಲ್ಲ ಎಂದು ಬಂದರೆ ಮಾತ್ರ ದಾರಿಯಿಲ್ಲ, ಇಬ್ಬರಿಗೂ ಎಷ್ಟೇ ಇಷ್ಟವಿದ್ದರೂ. 1818ರಲ್ಲಿ ಅವರ ಸಿನಡ್, ಅಂದರೆ ಮಹಾಸಭೆ, ಸಾಮಾನ್ಯ ಸದಸ್ಯರನ್ನು ಇದರಿಂದ ಬಿಡಿಸಿತು. 1889ರಲ್ಲಿ ಚೀಟು ಪೂರ್ತಿ ನಿಂತಿತು.

ಉಳಿದದ್ದು ದಿನಕ್ಕೊಂದು ವಾಕ್ಯ. 1728ರ ಮೇ 3ರಂದು ಜಿಂಜೆಂಡಾರ್ಫ್ ಸಭೆಗೆ ಮೊದಲ ವಾಕ್ಯ ಕೊಟ್ಟ. 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಬರುತ್ತಿದೆ. ಹಳೆ ಒಡಂಬಡಿಕೆಯ ವಾಕ್ಯಗಳನ್ನು ಈಗಲೂ ಹೆರ್ನ್‌ಹುಟ್‌ನಲ್ಲಿ ಚೀಟಿ ಎತ್ತಿಯೇ ಆರಿಸುವುದು. 1834ರಲ್ಲಿ ನಮ್ಮೂರಿಗೆ ಬಂದ ಬಾಸೆಲ್ ಮಿಶನ್ನಿನ ಅಯ್ಯಗಳೂ ಇಂಥದೇ ಭಕ್ತಿಯ ಪರಂಪರೆಯವರು.

ಆ ದಿನವಾಕ್ಯಗಳ ಪುಸ್ತಕವನ್ನು ದಿನವೂ ಓದುತ್ತಿದ್ದ ಜರ್ಮನ್ ಪಾದ್ರಿ ಡೀಟ್ರಿಚ್ ಬೋನ್‌ಹಾಫರ್ 1939ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿದ್ದರು. ಯುದ್ಧ ಹತ್ತಿರವಾಗಿತ್ತು, ಅಮೆರಿಕದಲ್ಲೇ ಉಳಿಯಲು ಕೆಲಸ ಸಿದ್ಧವಿತ್ತು. ಜೂನ್ 26ರಂದು, ಚಳಿಗಾಲಕ್ಕೆ ಮುಂಚೆ ಬಾ ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಕಣ್ಣಿಗೆ ಬಿದ್ದು, ತನಗೇ ಹೇಳಿದಂತೆ ಕಾಡಿತು. ಪ್ರಸಂಗಗಳಲ್ಲಿ ಈ ವಾಕ್ಯವೇ ಅವರನ್ನು ಹಿಂದಕ್ಕೆ ಕರೆಯಿತು ಎನ್ನುವುದುಂಟು. ದಿನಚರಿ ನೋಡಿದರೆ ಹಾಗಿಲ್ಲ: ಕೆಲಸ ಬೇಡವೆಂದು ಅವರು ಜೂನ್ 20ಕ್ಕೇ ಹೇಳಿಯಾಗಿತ್ತು, ಯಾಕೆಂದು ತನಗೇ ಪೂರ್ತಿ ತಿಳಿಯದು ಎಂದೂ ಬರೆದುಕೊಂಡಿದ್ದರು. ಅಮೆರಿಕದ ದೇವಶಾಸ್ತ್ರಜ್ಞ ನೀಬೂರ್ ಅವರಿಗೆ ಬರೆದ ಪತ್ರದಲ್ಲಿ ಕೊಟ್ಟ ಕಾರಣವಂತೂ ತೀರ ಸರಳ: ತನ್ನ ಜನರ ಕಷ್ಟದಲ್ಲಿ ಜೊತೆಗಿರದಿದ್ದರೆ, ಯುದ್ಧ ಮುಗಿದ ಮೇಲೆ ಅಲ್ಲಿ ಸಭೆ ಕಟ್ಟಲು ತನಗೆ ಹಕ್ಕಿರದು. ಜುಲೈಯಲ್ಲಿ ಹಡಗು ಹತ್ತಿದರು.